ಮೂಲೆಯಲ್ಲೊಂದು ಹೆಸರು

ನಮ್ಮ ರಾಯಚೂರಿನಲ್ಲಿ ಚಿತ್ರಕಲಾ ಪ್ರದರ್ಶನಕ್ಕೆಂದೇ ಮನೆಬಿಟ್ಟು ಹೊರಟವರನ್ನು ಹುಡುಕಿದರೆ ಬೆರಳೆಣಿಕೆಯಷ್ಟು ಮಂದಿ ಸಿಕ್ಕಾರು. ಆದರೆ ಚಿತ್ರ ನೋಡದೆ ಒಂದು ದಿನ ಕಳೆದವರು ಯಾರೂ ಇರಲಾರರು. ತೀನ್ ಕಂದೀಲ್ ಬಳಿ ನಿಂತು ಸುತ್ತ ಕಣ್ಣಾಡಿಸಿ. ಸಿಮೆಂಟಿನ ಜಾಹೀರಾತು, ಹತ್ತಿಬೀಜದ ಜಾಹೀರಾತು, ಹಬ್ಬದ ಶುಭಾಶಯ, ನಾಯಕರ ಹುಟ್ಟುಹಬ್ಬ, ಶ್ರದ್ಧಾಂಜಲಿ, ಲಾರಿಯ ಹಿಂದೆ ಹದ್ದು, ಆಟೋದ ಹಿಂದೆ ಸಿನಿಮಾ ನಟ. ಸಮಕಾಲೀನ ಕಲೆ ಎಂದರೆ ಮುಂಬಯಿ, ದೆಹಲಿಗಳಲ್ಲಿ ಕೋಟಿಗೆ ಮಾರಾಟವಾಗುವ, ನಮಗೆ ಅರ್ಥವಾಗದ ಏನೋ ಒಂದು ಎಂದು ನಾವು ದೂರ ನಿಲ್ಲುತ್ತೇವೆ. ಅದು ಎಂದೋ ಬೀದಿಗಿಳಿದು ನಮ್ಮ ಪಕ್ಕದಲ್ಲೇ ನಿಂತಿದೆ.

ಬೀದಿಯ ಚಿತ್ರ ನಮಗೆ ಹೊಸದೇನಲ್ಲ. ರಾಯಚೂರು ಕೋಟೆಯ ಪಶ್ಚಿಮದ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. ಅದರ ಮೇಲಿನ 1294ರ ತೆಲುಗು ಶಾಸನ ಕೋಟೆ ಕಟ್ಟಿಸಿದವರ ಹೆಸರು ಹೇಳುತ್ತದೆ. ಅಲ್ಲಿಯೇ ಒಂದು ಚಿತ್ರವೂ ಇದೆ: ಆ ಭಾರಿ ಕಲ್ಲನ್ನು ಗಾಡಿಯ ಮೇಲೆ ಹೇರಿ ಕೋಣಗಳ ಸಾಲು ಎಳೆದು ತರುತ್ತಿರುವ ದೃಶ್ಯ. ಇಂದು ಸೇತುವೆ, ರಸ್ತೆ ಮುಗಿದ ಕೂಡಲೇ ಎದ್ದು ನಿಲ್ಲುವ ಫಲಕಗಳಿಗೆ ಇದು ಹಿರಿಯಜ್ಜ. ಒಂದು ವ್ಯತ್ಯಾಸ ಮಾತ್ರ ಇದೆ. ಇಂದಿನ ಫಲಕದಲ್ಲಿ ಮಾಡಿಸಿದವರ ಮುಖವಿರುತ್ತದೆ, ಕಲ್ಲು ಎಳೆದವರ ಮುಖ ಇರುವುದಿಲ್ಲ.

ನಾನು ಚಿತ್ರವನ್ನು ಹತ್ತಿರದಿಂದ ನೋಡಿದ್ದು ನಮ್ಮ ಮೊಹಲ್ಲಾದ ಉಸ್ತಾದರ ಕೈಯಲ್ಲಿ. ಬೋರ್ಡು ಬರೆಯುವುದು ಅವರ ಕಸುಬು. ಶಾಲೆ ಬಿಟ್ಟ ಮೇಲೆ ನಾವು ನಾಲ್ಕಾರು ಹುಡುಗರು ಅವರ ಅಂಗಡಿಯ ಮುಂದೆ ಕೂಡುತ್ತಿದ್ದೆವು. ಸುಣ್ಣ ಬಳಿದ ಗೋಡೆಗೆ ನೀಲಿ ಅದ್ದಿದ ದಾರವನ್ನು ಎರಡೂ ಕಡೆ ಬಿಗಿಹಿಡಿದು ಟಪ್ಪೆಂದು ಬಿಟ್ಟರೆ ಗೆರೆ ಮೂಡುತ್ತಿತ್ತು. ಆ ದಾರದ ಒಂದು ತುದಿ ಹಿಡಿಯುವ ಭಾಗ್ಯಕ್ಕೆ ನಮ್ಮಲ್ಲಿ ಜಗಳ. ಅವರ ಕುಂಚ ಕನ್ನಡ, ಉರ್ದು, ತೆಲುಗು, ಇಂಗ್ಲಿಷ್ ನಾಲ್ಕನ್ನೂ ಬರೆಯುತ್ತಿತ್ತು. ಉರ್ದು ಬಲದಿಂದ ಎಡಕ್ಕೆ, ಉಳಿದವು ಎಡದಿಂದ ಬಲಕ್ಕೆ. ನಿಜಾಮರ ರಾಜ್ಯದಲ್ಲಿದ್ದು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಊರಿನಲ್ಲಿ ಒಬ್ಬ ಪೇಂಟರನಿಗೆ ನಾಲ್ಕು ಲಿಪಿ ಬಾರದಿದ್ದರೆ ಹೊಟ್ಟೆ ತುಂಬುತ್ತಿರಲಿಲ್ಲ.

ಮಸೀದಿಯ ಕಮಾನಿನ ಮೇಲೆ ಅಕ್ಷರ ಬರೆದ ಅದೇ ಕೈ ಗುಡಿಯ ಬಾಗಿಲಿಗೆ ಹೂಬಳ್ಳಿ ಬರೆಯುತ್ತಿತ್ತು. ಮೊಹರಂ ಬಂದರೆ ಹರಕೆ ಹೊತ್ತವರ ಮೈಮೇಲೆ ಹುಲಿಯ ಪಟ್ಟೆ ಎಳೆಯುತ್ತಿತ್ತು. ಹಾಗೆ ಹುಲಿಯಾಗಿ ಕುಣಿದವರಲ್ಲಿ ಬಹುಪಾಲು ಹಿಂದೂಗಳೇ. ಜೀವಿಗಳ ಚಿತ್ರ ಬರೆಯುವುದು ನಮ್ಮವರಿಗೆ ಸರಿಯೇ ಎಂದು ಕೇಳುವವರೂ ಇದ್ದರು. ಉಸ್ತಾದರು ಅವರೊಂದಿಗೆ ವಾದಕ್ಕಿಳಿಯುತ್ತಿರಲಿಲ್ಲ. "ನನ್ನ ಲೆಕ್ಕ ನಾನು ಕೊಡ್ತೀನಿ" ಎಂದಷ್ಟೇ ಹೇಳಿ ಕುಂಚ ಅದ್ದುತ್ತಿದ್ದರು.

ಕೆಲಸ ಮುಗಿದ ಮೇಲೆ ಅವರು ತಪ್ಪದೆ ಮಾಡುತ್ತಿದ್ದ ಒಂದು ಕೆಲಸವಿತ್ತು. ಎಲ್ಲಕ್ಕಿಂತ ತೆಳುವಾದ ಕುಂಚ ತೆಗೆದು, ಕೆಳಗಿನ ಬಲಮೂಲೆಯಲ್ಲಿ ತಮ್ಮ ಹೆಸರು, ಮುಂದೆ 'ಆರ್ಟ್ಸ್', ಅದರ ಕೆಳಗೆ ರಾಯಚೂರು ಎಂದು ಬರೆಯುವುದು. ಅದು ಯಾಕೆ ಎಂದು ನಾನೊಮ್ಮೆ ಕೇಳಿದ್ದೆ. "ಬೇಟಾ, ಗ್ವಾಡಿ ಮ್ಯಾಲ ಬರ್ದದ್ದು ಊರ ಮಂದಿಗೆಲ್ಲ ಕಾಣ್ತದ. ಹೆಸರು ಹಾಕಾಕ ನಾಚಿಕಿ ಬರ್ತದ ಅಂದ್ರ ಅಂಥಾದ್ದು ಬರೀಬಾರದು" ಎಂದಿದ್ದರು. ಆ ಮಾತು ಮುಂದೆ ಬಹಳ ಕಾಲ ನನ್ನ ಜೊತೆ ಬಂತು.

ಚುನಾವಣೆ ಎಂದರೆ ಉಸ್ತಾದರಿಗೆ ಸುಗ್ಗಿ. ನಮ್ಮ ದೇಶದ ರಾಜಕೀಯ ಮೊದಲಿನಿಂದಲೂ ಚಿತ್ರವನ್ನು ನಂಬಿಕೊಂಡೇ ನಡೆದಿದೆ. 1951-52ರ ಮೊದಲ ಮಹಾಚುನಾವಣೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಬೇರೆ ಬೇರೆ ಮತಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಅವನ ಗುರುತು. ಓದು ಬಾರದವನೂ ಚಿತ್ರ ನೋಡಿ ಓಟು ಹಾಕಿದ. ಚುನಾವಣಾ ಆಯೋಗದಲ್ಲಿ ಎಂ. ಎಸ್. ಸೇಠಿ ಎಂಬ ನಕ್ಷೆಗಾರರಿದ್ದರು. ದಿನನಿತ್ಯದ ವಸ್ತುಗಳನ್ನು ಪೆನ್ಸಿಲಿನಲ್ಲಿ ಬಿಡಿಸಿ ಗುರುತುಗಳನ್ನಾಗಿ ಮಾಡುವುದು ಅವರ ನೌಕರಿ; 1992ರಲ್ಲಿ ನಿವೃತ್ತರಾದರು. ಅವರ ಗೆರೆಗಳನ್ನು ಕಂಡಷ್ಟು ಜನ ಯಾವ ದೊಡ್ಡ ಕಲಾವಿದನ ಗೆರೆಯನ್ನು ಕಂಡಿದ್ದಾರೆ? ಆದರೂ ಅವರ ಹೆಸರು ಬಲ್ಲವರು ಎಷ್ಟು ಮಂದಿ?

ನೌಕರಿಯ ನಿಮಿತ್ತ ನಾನು ಕೆಲವು ವರ್ಷ ಮಾನ್ವಿಯಲ್ಲೂ ಕೆಲವು ವರ್ಷ ದೇವದುರ್ಗದಲ್ಲೂ ಇದ್ದೆ. ಮಾನ್ವಿಯ ಒಬ್ಬ ಪೇಂಟರ್ ಚಹಾದ ಅಂಗಡಿಯಲ್ಲಿ ಕುಳಿತು ಪಕ್ಷಗಳನ್ನು ಅಳೆಯುತ್ತಿದ್ದ. ಸಿದ್ಧಾಂತದಿಂದಲ್ಲ, ಕುಂಚದಿಂದ. ಹಸ್ತ ಸುಲಭ, ತಗಡು ಕತ್ತರಿಸಿ ಅಚ್ಚು ಮಾಡಿಕೊಂಡರೆ ದಿನಕ್ಕೆ ಎಷ್ಟು ಬೇಕಾದರೂ ಒತ್ತಬಹುದು. ಕಮಲಕ್ಕೆ ಸ್ವಲ್ಪ ಕೈ ಬೇಕು. ತೆನೆ ಹೊತ್ತ ಮಹಿಳೆ ಮಾತ್ರ ಬಹಳ ಕಷ್ಟ. ನಡಿಗೆ ಕಾಣಬೇಕು, ತಲೆಯ ಮೇಲಿನ ಹೊರೆಯ ಭಾರ ಕಾಣಬೇಕು. "ಕೆನಾಲ್ ನೀರಿನ ಊರು ಸರ್ ಇದು. ಭತ್ತದ ಹೊರಿ ಹೊತ್ತ ಹೆಣ್ಮಕ್ಕಳನ್ನ ದಿನಾ ನೋಡ್ತಾರ. ತಪ್ಪು ಬರ್ದರ ನಗ್ತಾರ" ಎನ್ನುತ್ತಿದ್ದ. ಚಿತ್ರ ಸರಿಯೋ ತಪ್ಪೋ ಎಂದು ಹೇಳುವ ವಿಮರ್ಶಕರು ಮಾನ್ವಿಯ ಗದ್ದೆಗಳಲ್ಲೇ ಇದ್ದರು.

ಕಲೆ ಬೀದಿಗೆ ಬಂದರೆ ಅಗ್ಗವಾಗುತ್ತದೆ ಎಂದು ಹೇಳುವವರಿದ್ದಾರೆ. ಲೋಕದ ಅನುಭವ ಹಾಗಿಲ್ಲ. ಎಂ. ಎಫ್. ಹುಸೇನ್ 1930ರ ದಶಕದ ಮುಂಬಯಿಯಲ್ಲಿ ಸಿನಿಮಾ ಹೋರ್ಡಿಂಗ್ ಬರೆದು ಹೊಟ್ಟೆ ಹೊರೆದವರು. ಅಮೆರಿಕದ ಆಂಡಿ ವಾರ್ಹೋಲ್ 1962ರಲ್ಲಿ ಸೂಪಿನ ಡಬ್ಬಿಗಳನ್ನೇ 32 ಕ್ಯಾನ್ವಾಸುಗಳ ಮೇಲೆ ಬರೆದು, ಕಿರಾಣಿ ಅಂಗಡಿಯ ಚಿತ್ರವನ್ನು ಗ್ಯಾಲರಿಗೆ ಏರಿಸಿದರು. ಮೈಸೂರಿನ ಆರ್. ಕೆ. ಲಕ್ಷ್ಮಣ್ 1954ರಲ್ಲಿ ಏಷಿಯನ್ ಪೇಂಟ್ಸ್‌ಗಾಗಿ ಬರೆದ 'ಗಟ್ಟು' ಎಂಬ ತುಂಟ ಹುಡುಗ, ಕೈಯಲ್ಲಿ ಬಣ್ಣ ತೊಟ್ಟಿಕ್ಕುವ ಬ್ರಷ್ ಹಿಡಿದು ನಮ್ಮ ಬಣ್ಣದಂಗಡಿಗಳ ಗೋಡೆ ಏರಿ ಕುಳಿತಿದ್ದ. 1967ರಲ್ಲಿ ಏರ್ ಇಂಡಿಯಾ ತನ್ನ ಗಿರಾಕಿಗಳಿಗೆ ಕೊಡಲು ಸಾಲ್ವಡಾರ್ ಡಾಲಿಯಿಂದ ಬೂದಿಬಟ್ಟಲು ಮಾಡಿಸಿಕೊಂಡಿತು. ಆತ ಕೂಲಿಯಾಗಿ ಕೇಳಿದ್ದು ಆನೆಮರಿ, ಅದು ಹೋದದ್ದು ನಮ್ಮ ಬೆಂಗಳೂರಿನಿಂದ. ಕಲೆ ಮತ್ತು ಜಾಹೀರಾತು ಹೀಗೆ ಕೊಟ್ಟು ತೆಗೆದುಕೊಳ್ಳುವುದು ಹಳೆಯ ವ್ಯವಹಾರ. ಈ ಎಲ್ಲದರಲ್ಲೂ ಯಾರು ಬರೆದರು ಎಂಬುದು ಗೊತ್ತಿತ್ತು.

ಆಮೇಲೆ ಫ್ಲೆಕ್ಸ್ ಬಂತು. ಗೋಡೆಬರಹಕ್ಕೆ ಚುನಾವಣಾ ಆಯೋಗದ ಬಿಗಿ ಮೊದಲೇ ಇತ್ತು. ಈಗ ರಾತ್ರಿ ಹೇಳಿದರೆ ಬೆಳಗಾಗುವುದರೊಳಗೆ ಹತ್ತಡಿಯ ಬಣ್ಣದ ಬ್ಯಾನರ್ ಸಿದ್ಧ. ಉಸ್ತಾದರ ಡಬ್ಬಿಗಳಲ್ಲಿ ಬಣ್ಣ ಕೆನೆಗಟ್ಟಿತು. ಬೆಂಗಳೂರಿನಲ್ಲೂ ಸಿನಿಮಾ ಬ್ಯಾನರ್ ಬರೆಯುತ್ತಿದ್ದವರಿಗೆ ಇದೇ ಗತಿಯಾಯಿತು. 2009ರ ಸುಮಾರಿಗೆ ಅಲ್ಲಿನ ಮಹಾನಗರ ಪಾಲಿಕೆ ಅಂಥವರನ್ನು ಕರೆದು ರಸ್ತೆಬದಿಯ ಗೋಡೆಗಳಿಗೆ ಹಂಪಿ, ಯಕ್ಷಗಾನ, ಕಾಡುಪ್ರಾಣಿಗಳನ್ನು ಬರೆಸಿತು. ಕೆಲವು ದಿನ ಅವರ ಕೈಗೆ ಕೆಲಸ ಸಿಕ್ಕಿತು. ಅಂಥ ಅವಕಾಶ ರಾಯಚೂರಿನ ಉಸ್ತಾದರ ಬಾಗಿಲಿಗೆ ಬರಲಿಲ್ಲ.

ಫ್ಲೆಕ್ಸನ್ನು ಬರೀ ಬೈದು ಮುಗಿಸುವುದು ನ್ಯಾಯವಲ್ಲ. ಮೊದಲು ಗೋಡೆಯ ಮೇಲೆ ಮುಖ ಕಾಣುತ್ತಿದ್ದುದು ದೊರೆಗಳದ್ದು, ನಟರದ್ದು, ಮಂತ್ರಿಗಳದ್ದು. ಫ್ಲೆಕ್ಸ್ ಬಂದ ಮೇಲೆ ಅಂಬೇಡ್ಕರ್ ಜಯಂತಿಗೆ, ವಾಲ್ಮೀಕಿ ಜಯಂತಿಗೆ, ಈದ್‌ಗೆ, ಕೇರಿಯ ಹುಡುಗರ ಮುಖಗಳೂ 'ಶುಭ ಕೋರುವವರು' ಎಂಬ ಸಾಲಿನಲ್ಲಿ ಅಂಚೆಚೀಟಿಯಷ್ಟಾದರೂ ಜಾಗ ಪಡೆದವು. ದೇವದುರ್ಗದಲ್ಲಿ ಹಮಾಲಿ ಮಾಡುವ ಯುವಕನೊಬ್ಬ ತನ್ನ ತಾಯಿಯನ್ನು ಕರೆತಂದು ವೃತ್ತದ ಬ್ಯಾನರಿನಲ್ಲಿ ತನ್ನ ಮುಖ ತೋರಿಸುತ್ತಿದ್ದುದನ್ನು ನಾನು ಕಂಡಿದ್ದೇನೆ. ಆ ತಾಯಿಯ ಕಣ್ಣಿನಲ್ಲಿದ್ದುದನ್ನು ಕೀಳಾಗಿ ಕಾಣಲು ನನಗೆ ಮನಸ್ಸಿಲ್ಲ.

ಅದೇ ಫ್ಲೆಕ್ಸಿಗೆ ಎರಡನೆಯ ಜನ್ಮವೂ ಇದೆ. ಗಬ್ಬೂರು ದಾಟಿ ದೇವದುರ್ಗದ ಕಡೆ ಹೊರಟರೆ ಗುಡಿಸಲ ಮಾಡಿನ ಮೇಲೆ, ಮೇವಿನ ಬಣವೆಯ ಮೇಲೆ, ಮೆಣಸಿನಕಾಯಿ ಒಣಗುವ ಕಣದಲ್ಲಿ ನಾಯಕರು ಅಂಗಾತ ಮಲಗಿರುತ್ತಾರೆ. ಗುಳೆ ಹೋಗುವವರು ಅದನ್ನೇ ಸುತ್ತಿಕೊಂಡು ಬೆಂಗಳೂರಿಗೆ ಒಯ್ದು ಬಯಲಲ್ಲಿ ಗೂಡು ಕಟ್ಟುತ್ತಾರೆ. ಮಾತು ಕೊಟ್ಟವರು ಮರೆತರೂ ಅವರ ಚಿತ್ರ ಮಳೆ ತಡೆಯುತ್ತದೆ. 2016ರ ಮಾರ್ಚಿನಲ್ಲಿ ಸರ್ಕಾರ ಪ್ಲಾಸ್ಟಿಕ್ ಕೈಚೀಲಗಳ ಜೊತೆ ಫ್ಲೆಕ್ಸ್, ಬ್ಯಾನರ್, ಬಂಟಿಂಗ್‌ಗಳನ್ನೂ ನಿಷೇಧಿಸಿತು. ನಿಷೇಧ ಕಾಗದದಲ್ಲಿತ್ತು, ಫ್ಲೆಕ್ಸ್ ಕಂಬದಲ್ಲಿತ್ತು.

ನನ್ನ ಚಿಂತೆ ಬೇರೆ. ಫ್ಲೆಕ್ಸಿನಲ್ಲಿ ಹತ್ತಾರು ಮುಖಗಳಿರುತ್ತವೆ, ಬರೆದವನ ಹೆಸರೇ ಇರುವುದಿಲ್ಲ. ಮೊಬೈಲಿನಲ್ಲಿ ಬರುವ ಚಿತ್ರಕ್ಕಂತೂ ಅಪ್ಪ ಅಮ್ಮ ಇಬ್ಬರೂ ಇಲ್ಲ. ಹೆಸರಿದ್ದರೆ ಏನಾಗುತ್ತದೆ, ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ರಾಜ್ಯದಲ್ಲೇ ನೋಡಿದ್ದೇವೆ. 2015ರಲ್ಲಿ ಬಾದಲ್ ನಂಜುಂಡಸ್ವಾಮಿ ಎಂಬ ಕಲಾವಿದ ಬೆಂಗಳೂರಿನ ರಸ್ತೆಯ ಗುಂಡಿಯಲ್ಲಿ ಮೊಸಳೆಯ ಪ್ರತಿಕೃತಿ ಇಟ್ಟರು. 2019ರಲ್ಲಿ ಗಗನಯಾತ್ರಿಯ ಉಡುಪು ತೊಟ್ಟ ನಟರೊಬ್ಬರನ್ನು ಹಳ್ಳಬಿದ್ದ ರಸ್ತೆಯಲ್ಲಿ ಚಂದ್ರನ ಮೇಲೆಂಬಂತೆ ನಡೆಸಿದರು. ಊರೆಲ್ಲ ನಕ್ಕಿತು, ರಸ್ತೆಯ ದುರಸ್ತಿಯೂ ಶುರುವಾಯಿತು. ಮಾಡಿದವರು ತಮ್ಮ ಹೆಸರಿನೊಂದಿಗೆ ಎದುರು ನಿಂತಿದ್ದರು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಗೋಡೆಗಳ ಮೇಲೆ 'ಪೇಸಿಎಂ' ಪೋಸ್ಟರ್ ಕಾಣಿಸಿಕೊಂಡಿತು. ಹಣ ಕಳಿಸುವ ಕಂಪನಿಯ ಜಾಹೀರಾತಿನ ಅನುಕರಣೆ, ನಡುವೆ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರ ಮುಖ. ಜಾಹೀರಾತು, ಕಲೆ, ರಾಜಕೀಯ ಮೂರೂ ಒಂದೇ ಕಾಗದದಲ್ಲಿ ಬೆರೆತಿದ್ದವು. ಎರಡೇ ದಿನದಲ್ಲಿ ಕಾಂಗ್ರೆಸ್ ನಾಯಕರು ತಾವೇ ಬೀದಿಗಿಳಿದು ಅದನ್ನು ಅಂಟಿಸಿದರು. ಅದೇ ಪ್ರಚಾರದ ಇನ್ನೊಂದು ಪೋಸ್ಟರಿನಲ್ಲಿ ತಮ್ಮ ಅನುಮತಿಯಿಲ್ಲದೆ ತಮ್ಮ ಮುಖ ಬಳಸಿದ್ದಾರೆಂದು ನಟ ಅಖಿಲ್ ಅಯ್ಯರ್ ಆಕ್ಷೇಪಿಸಿದರು. ಚುರುಕಾದ ವ್ಯಂಗ್ಯ ಪ್ರಜಾಪ್ರಭುತ್ವಕ್ಕೆ ಬೇಕು. ಆದರೆ ಇನ್ನೊಬ್ಬನ ಮುಖ ಎತ್ತಿಕೊಳ್ಳುವಾಗ ಕೇಳುವ ಸೌಜನ್ಯವೂ ಬೇಕು.

ಒಂದು ಚಿತ್ರದ ತೂಕ ಎಷ್ಟೆಂಬುದನ್ನು ರಾಯಚೂರು ಅದೇ ವರ್ಷ ನೋಡಿತು. 2022ರ ಜನವರಿ 26ರಂದು ಜಿಲ್ಲಾ ನ್ಯಾಯಾಲಯದ ಗಣರಾಜ್ಯೋತ್ಸವದಲ್ಲಿ ಅಂಬೇಡ್ಕರರ ಭಾವಚಿತ್ರ ತೆಗೆಸಿದ ಮೇಲೆಯೇ ಧ್ವಜಾರೋಹಣ ನಡೆಯಿತು ಎಂಬ ಆರೋಪ ಬಂತು. ರಾಜ್ಯದ ತುಂಬ ಪ್ರತಿಭಟನೆ ಎದ್ದಿತು. ಫೆಬ್ರವರಿಯಲ್ಲಿ ಹೈಕೋರ್ಟು ರಾಷ್ಟ್ರೀಯ ದಿನಾಚರಣೆಗಳಲ್ಲಿ ನ್ಯಾಯಾಲಯಗಳು ಆ ಭಾವಚಿತ್ರ ಇಡಬೇಕೆಂದು ಸುತ್ತೋಲೆ ಹೊರಡಿಸಿತು. ಒಂದು ಚಿತ್ರದ ಗೈರುಹಾಜರಿಯೂ ಇಷ್ಟು ಮಾತನಾಡುತ್ತದೆ ಎಂದಾದರೆ, ಚಿತ್ರವನ್ನು ಹಗುರವಾಗಿ ಕಾಣುವುದು ಹೇಗೆ?

ಅದಕ್ಕೇ ಹೆಸರಿಲ್ಲದ ಚಿತ್ರ ನನ್ನನ್ನು ಹೆದರಿಸುತ್ತದೆ. ಯಾರದೋ ಗುಡಿಯ ಮೇಲೆ ಯಾವುದೋ ಬಾವುಟ, ಯಾರದೋ ಪೂಜ್ಯರ ಮುಖಕ್ಕೆ ಯಾವುದೋ ವೇಷ. ಎಲ್ಲೋ ಕುಳಿತವನು ಐದು ನಿಮಿಷದಲ್ಲಿ ಕಂಪ್ಯೂಟರಿನಿಂದ ಮಾಡಿಸಿದ ಚಿತ್ರಕ್ಕೆ ನಮ್ಮ ಬಜಾರಿನ ಷಟರುಗಳು ಇಳಿಯುತ್ತವೆ. ಅಂದು ದುಡಿದು ಅಂದು ಉಣ್ಣುವ ಬಂಡಿಯವನು, ಅವನು ಯಾವ ಧರ್ಮದವನಾದರೂ, ಅಂದು ಉಪವಾಸ. ಉಸ್ತಾದರಿಗೂ ಅಂಥದ್ದನ್ನು ಬರೆಯಿರಿ ಎಂದು ಹೇಳುವವರು ಬಂದಿದ್ದರಂತೆ. ಅವರು ಬರೆಯಲಿಲ್ಲ. ಅವರೇನೂ ಸಂತರಾಗಿರಲಿಲ್ಲ. ಮರುದಿನ ಅದೇ ಗೋಡೆಯ ಮುಂದೆ ನಡೆದು ಹಾಲು ತರಬೇಕಿತ್ತು, ಮೂಲೆಯಲ್ಲಿ ತಮ್ಮ ಹೆಸರಿತ್ತು.

ಹೆಸರು ಹಾಕಿದವನಿಗೇ ಪೆಟ್ಟು ಬೀಳುತ್ತದಲ್ಲ ಎಂದು ಕೇಳಬಹುದು. ಹುಸೇನರ ಬದುಕೇ ಅದಕ್ಕೆ ಸಾಕ್ಷಿ. ಅವರ ಚಿತ್ರಗಳಿಗಾಗಿ ಮೊಕದ್ದಮೆಗಳು ಬಿದ್ದವು, 2006ರಲ್ಲಿ ದೇಶ ಬಿಟ್ಟರು, 2011ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಆ ಚಿತ್ರಗಳಿಂದ ನೊಂದವರೂ ಇದ್ದರು, ಕಲಾವಿದನ ಸ್ವಾತಂತ್ರ್ಯವನ್ನು ಎತ್ತಿಹಿಡಿದವರೂ ಇದ್ದರು. ಆದರೆ ಚಿತ್ರದ ಹಿಂದೆ ಒಬ್ಬ ಮನುಷ್ಯನಿದ್ದುದರಿಂದಲೇ ವಿಷಯ ನ್ಯಾಯಾಲಯಕ್ಕೆ ಹೋಗಲು ಸಾಧ್ಯವಾಯಿತು. 2008ರಲ್ಲಿ ದೆಹಲಿ ಹೈಕೋರ್ಟು ಎರಡೂ ಕಡೆಯ ವಾದ ಕೇಳಿ, ಮೊಕದ್ದಮೆ ರದ್ದುಗೊಳಿಸಿ ಕಾರಣ ಬರೆದು ಹೇಳಿತು. ಹೆಸರಿಲ್ಲದ ಚಿತ್ರದೊಂದಿಗೆ ವಾದ ಮಾಡುವುದು ಹೇಗೆ? ಅದು ಕಿಡಿ ಹಾರಿಸಿ ಅಳಿಸಿಹೋಗಿರುತ್ತದೆ. ಪೆಟ್ಟು ದಾರಿಹೋಕನಿಗೆ ಬೀಳುತ್ತದೆ.

ಈ ಮಾತಿಗೆ ಕಾನೂನಿನ ಆಧಾರವೂ ಇದೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಮಿನ ಪ್ರಕಾರ ಚುನಾವಣೆಯ ಪ್ರತಿ ಕರಪತ್ರ, ಪೋಸ್ಟರಿನ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಚುನಾವಣೆಯಲ್ಲಿ ಇರುವ ಈ ಶಿಸ್ತು ಉಳಿದ ದಿನಗಳಿಗೆ ಏಕೆ ಬೇಡ? ನಮ್ಮ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನವನ್ನು ನೆನೆಯಿರಿ. ಅಲ್ಲಿಯವರೆಗೆ ದೊರೆತಿದ್ದ ಶಾಸನಗಳಲ್ಲಿ 'ದೇವಾನಾಂಪ್ರಿಯ' ಎಂಬಂಥ ಬಿರುದುಗಳಷ್ಟೇ ಇದ್ದವು. ಆ ದೊರೆ ಅಶೋಕ ಎಂದು ಹೆಸರು ಹಿಡಿದು ಹೇಳಿದ್ದು ಮಸ್ಕಿಯ ಬಂಡೆ. ಚಕ್ರವರ್ತಿಯೇ ತನ್ನ ಮಾತಿನ ಕೆಳಗೆ ಹೆಸರು ಉಳಿಸಿಹೋದ ನೆಲ ಇದು.

ಉಸ್ತಾದರು ಈಗಿಲ್ಲ. ಅವರ ಮೊಮ್ಮಗ ಕಂಪ್ಯೂಟರ್ ಇಟ್ಟುಕೊಂಡು ಬ್ಯಾನರ್ ವಿನ್ಯಾಸ ಮಾಡುತ್ತಾನೆ. ಜಾಣ ಹುಡುಗ, ಅಜ್ಜನ ಬಣ್ಣದ ಕಣ್ಣು ಅವನಿಗೆ ಬಂದಿದೆ. ಮೊನ್ನೆ ಸಿಕ್ಕಾಗ, ನಿನ್ನ ಬ್ಯಾನರುಗಳ ಮೂಲೆಯಲ್ಲೂ ಒಂದು ಹೆಸರು ಹಾಕಪ್ಪಾ ಎಂದೆ. "ಗಿರಾಕಿ ಒಪ್ಪಬೇಕಲ್ಲ ಚಾಚಾ, ಅಷ್ಟು ಜಾಗಕ್ಕೂ ಇನ್ನೊಂದು ಫೋಟೋ ಹಾಕು ಅಂತಾರ" ಎಂದು ನಕ್ಕ. ಹಾಗಿದ್ದರೆ ಕೇಳಬೇಕಾದವರು ಗಿರಾಕಿಗಳಾದ ನಾವೇ. ಜಮಾತಿನ ಬ್ಯಾನರ್ ಇರಲಿ, ಜಾತ್ರೆಯದಿರಲಿ, ಪಕ್ಷದ್ದಿರಲಿ, ಮಾಡಿಸುವಾಗ ಮಾಡಿದವನ ಹೆಸರಿಗೆ ನಾಲ್ಕು ಬೆರಳು ಜಾಗ ಬಿಡಿ ಎನ್ನೋಣ. ಮೊಬೈಲಿಗೆ ಚಿತ್ರ ಬಂದರೆ, ಮುಂದೆ ಕಳಿಸುವ ಮೊದಲು ಮೂಲೆಯಲ್ಲಿ ಯಾರ ಹೆಸರಿದೆ ಎಂದು ನೋಡೋಣ.