ಮೂರು ಬಿರಡೆಗಳು

ನಮ್ಮ ಮನೆಯ ಜಾವಾ ಮೋಟಾರ್ ಸೈಕಲ್ಲಿಗೆ ನನಗಿಂತ ಎರಡು ವರ್ಷ ಹೆಚ್ಚು ವಯಸ್ಸು. ಹೀಗಾಗಿ ಮನೆಯಲ್ಲಿ ಅದಕ್ಕೆ ಹಿರಿಯ ಮಗನ ಮರ್ಯಾದೆಯೇ ಸಲ್ಲುತ್ತಿತ್ತು. ಚೆಕೊಸ್ಲೊವಾಕಿಯಾ ದೇಶದ ಈ ವಾಹನವನ್ನು 1961ರಿಂದ ಮೈಸೂರಿನ ಕಾರ್ಖಾನೆಯಲ್ಲಿ ತಯಾರಿಸತೊಡಗಿದರು. 1973ರಲ್ಲಿ ಅದರ ಹೆಸರು ಯೆಜ್ಡಿ ಎಂದಾಯಿತು. 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. ನಮ್ಮದು ಹಳೆಯ ಹೆಸರಿನದು, 1968ರಲ್ಲಿ ತಂದೆಯವರು ಸಾಲ ಮಾಡಿ ಕೊಂಡದ್ದು.

ತಂದೆಯವರು ಹುಣಸೂರು ತಾಲ್ಲೂಕಿನಲ್ಲಿ ಪಶುವೈದ್ಯ ಇಲಾಖೆಯ ನೌಕರರಾಗಿದ್ದರು. ಹಸುಗಳಿಗೆ ಈಯುವುದಕ್ಕೆ ಹಗಲು ಹೊತ್ತು ಒಗ್ಗುವುದಿಲ್ಲವೋ ಏನೋ, ರೈತರು ಬಂದು ಬಾಗಿಲು ತಟ್ಟುತ್ತಿದ್ದುದು ಹೆಚ್ಚಾಗಿ ನಡುರಾತ್ರಿಯಲ್ಲಿ. ಅಂತಹ ಒಂದು ರಾತ್ರಿ, ಮಳೆಯಲ್ಲಿ, ಊರು ಇನ್ನೂ ಎರಡು ಮೈಲಿ ಇರುವಾಗ ಗಾಡಿಯ ದೀಪ ಮಂಕಾಗಿ, ಎಂಜಿನ್ನೂ ನಿಂತಿತು. ಆ ಗಾಡಿಯಲ್ಲಿ ದೀಪಕ್ಕೆ ಮಾತ್ರವಲ್ಲ, ಪೆಟ್ರೋಲಿಗೆ ಕಿಡಿ ತಾಗಿಸುವುದಕ್ಕೂ ಬ್ಯಾಟರಿಯೇ ಬೇಕು. ಕೆಸರಿನಲ್ಲಿ ಗಾಡಿಯನ್ನು ತಳ್ಳಿಕೊಂಡು ಅವರು ಆ ಕೊಟ್ಟಿಗೆಯನ್ನು ಮುಟ್ಟುವಷ್ಟರಲ್ಲಿ ಕರು ಸತ್ತಿತ್ತು. ಬ್ಯಾಟರಿಯ ನೀರು ಇಂಗಿ ಫಲಕಗಳು ಹೊರಗೆ ಕಾಣುತ್ತಿದ್ದುದನ್ನು ಮರುದಿನ ನೋಡಿದರಂತೆ. ಈ ಪ್ರಸಂಗವನ್ನು ನನಗೆ ಹೇಳಿದವರು ಅಮ್ಮ. ತಂದೆಯವರು ಎಂದೂ ಹೇಳಲಿಲ್ಲ.

ಅಂದಿನಿಂದ ಭಾನುವಾರದ ಬೆಳಗು ಬ್ಯಾಟರಿಗೆ ಮೀಸಲಾಯಿತು. ಸೀಟಿನ ಕೆಳಗಿನ ಪೆಟ್ಟಿಗೆಯಿಂದ ಆ ಕಪ್ಪು ಡಬ್ಬಿಯನ್ನು ಹೊರತೆಗೆದು, ಅದರ ಮೂರು ಬಿರಡೆಗಳನ್ನು ಬಿಚ್ಚಿ ಸಾಲಾಗಿ ಇಡುವರು. ಒಂದೊಂದು ಬಿರಡೆಯ ಕೆಳಗೂ ಸುಮಾರು ಎರಡು ವೋಲ್ಟಿನ ಒಂದೊಂದು ಕೋಶ. ಮೂರೂ ಸೇರಿ ಆರು ವೋಲ್ಟ್. ವಿದ್ಯುತ್ ತುಂಬುವಾಗ ನೀರಿನ ಅಂಶ ಅನಿಲವಾಗಿ ಹೋಗುತ್ತದೆ, ಗಂಧಕಾಮ್ಲ ಉಳಿಯುತ್ತದೆ. ಆದಕಾರಣ ಮೇಲಿನಿಂದ ಸೇರಿಸಬೇಕಾದದ್ದು ನೀರನ್ನು ಮಾತ್ರ, ಅದೂ ಬಟ್ಟಿ ಇಳಿಸಿದ ನೀರನ್ನು. ಬಾವಿಯ ನೀರಿನಲ್ಲಿರುವ ಲವಣಗಳು ಫಲಕಗಳಿಗೆ ಶತ್ರು. “ಗಾಡಿಗೆ ಶುದ್ಧ ನೀರು, ಮನೆಯವರಿಗೆ ಬಾವಿ ನೀರು” ಎಂದು ಅಮ್ಮ ಗೊಣಗುತ್ತಿದ್ದರು. ಆಮ್ಲ ಸಿಡಿದು ತೂತಾದ ಪಂಚೆಗಳ ಲೆಕ್ಕವೂ ಅವರ ಬಳಿಯೇ ಇತ್ತು.

ತಂದೆಯವರ ಮಂಡಿಗಳು ಸೋತ ಮೇಲೆ ಗಾಡಿಯ ಹೊಣೆ ನನ್ನದಾಯಿತು. “ನಾನು ನೋಡಿಕೊಳ್ಳುತ್ತೇನೆ ಅಪ್ಪ” ಎಂದು ಒಪ್ಪಿಕೊಂಡೆ. ಆದರೆ ಬೆಂಗಳೂರಿನ ಉದ್ಯೋಗ, ಮಕ್ಕಳ ಪರೀಕ್ಷೆ, ಕಾರಣಗಳಿಗೇನು ಬರ? ಮೂರು ವರ್ಷ ಆ ಪೆಟ್ಟಿಗೆಯ ಮುಚ್ಚಳವನ್ನು ತೆರೆಯಲಿಲ್ಲ. ಅಷ್ಟರಲ್ಲಿ ತಂದೆಯವರ ನೆನಪು ಮಸುಕಾಗತೊಡಗಿತು. ಮೊಮ್ಮಕ್ಕಳ ಹೆಸರು ತಪ್ಪುತ್ತಿತ್ತು. ಕೆಲವು ದಿನ ಊಟವಾಯಿತೋ ಇಲ್ಲವೋ ಎಂಬುದೂ ತಿಳಿಯದು.

ಕಳೆದ ಆಯುಧಪೂಜೆಯ ದಿನ ಗಾಡಿಯನ್ನು ತೊಳೆದು, ಚೆಂಡುಹೂವಿನ ಹಾರ ಹಾಕಿ, ಚಕ್ರದಡಿಯಲ್ಲಿ ನಿಂಬೆಹಣ್ಣುಗಳನ್ನು ಇಟ್ಟೆವು. ಬೀಗದ ಕೈ ತಿರುಗಿಸಿದೆ. ಪುಟ್ಟ ಕೆಂಪು ದೀಪ ಹತ್ತಲಿಲ್ಲ. ಕಿಕ್ ಹೊಡೆದು ಹೊಡೆದು ಬೆವತೆ. ನಿಂಬೆಹಣ್ಣುಗಳು ಹಾಗೆಯೇ ಉಳಿದವು. ಜಗಲಿಯ ಕುರ್ಚಿಯಲ್ಲಿದ್ದ ತಂದೆಯವರು, ಬೆಳಗಿನಿಂದ ಒಂದು ಮಾತೂ ಆಡದಿದ್ದವರು, ಸ್ಪಷ್ಟವಾದ ಧ್ವನಿಯಲ್ಲಿ ಕೇಳಿದರು: “ನೀರು ನೋಡಿದೆಯೇನಪ್ಪ?”

ನಾನು ತಲೆ ತಗ್ಗಿಸಿದೆ.

ಮರುದಿನವೇ ಬ್ಯಾಟರಿಯನ್ನು ಮೈಸೂರಿನ ಒಂದು ಹಳೆಯ ಅಂಗಡಿಗೆ ಒಯ್ದೆ. ಅದು ತಂದೆಯವರು ತಮ್ಮ ಕೈಯಾರೆ ಕೂರಿಸಿದ ಕೊನೆಯ ಬ್ಯಾಟರಿ. ಹೊಸದನ್ನು ಕೊಳ್ಳಲು ನನಗೆ ಮನಸ್ಸಿರಲಿಲ್ಲ. ಅಂಗಡಿಯ ಹಿರಿಯರು ಬಿರಡೆ ತೆಗೆದು, ಒಳಗೆ ಬೆಳಕು ಬಿಟ್ಟು ನೋಡಿ, “ಇದು ಓಡಿ ಸವೆದದ್ದಲ್ಲ ಸ್ವಾಮಿ, ನಿಂತು ಕೆಟ್ಟದ್ದು” ಎಂದರು. ಬ್ಯಾಟರಿ ಬರಿದಾಗುವಾಗ ಸೀಸದ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂಡುತ್ತದೆ. ಬೇಗನೆ ವಿದ್ಯುತ್ ಹರಿಸಿದರೆ ಅದು ಮತ್ತೆ ಸೀಸವೂ ಆಮ್ಲವೂ ಆಗಿ ಮರಳುತ್ತದೆ. ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲಿ ಕಂಡುಹಿಡಿದ ಈ ಕೋಶದ ಗುಟ್ಟು ಈ ಮರಳುವಿಕೆಯಲ್ಲಿಯೇ ಇದೆ. ಆದರೆ ತಿಂಗಳುಗಟ್ಟಲೆ ಹಾಗೆಯೇ ಬಿಟ್ಟರೆ ಆ ಲೇಪ ಗಟ್ಟಿ ಹರಳಾಗುತ್ತದೆ. ಆಮೇಲೆ ಅದು ಸುಲಭವಾಗಿ ಕರಗದು.

ನನ್ನ ಒತ್ತಾಯಕ್ಕೆ ಅವರು ನೀರು ತುಂಬಿ, ಒಂದು ಆಂಪಿಯರಿಗೂ ಕಡಿಮೆ ವಿದ್ಯುತ್ತಿನಲ್ಲಿ ಎರಡು ದಿನ ನಿಧಾನವಾಗಿ ಚಾರ್ಜ್ ಮಾಡಿದರು. ಅವಸರ ಮಾಡಿದರೆ ಬಿಸಿಯೇರಿ ಫಲಕಗಳು ಬಾಗುತ್ತವೆಯಂತೆ. ಮೂರನೆಯ ದಿನ ಹೈಡ್ರೋಮೀಟರಿನ ಗಾಜಿನ ನಳಿಗೆಯಲ್ಲಿ ಆಮ್ಲವನ್ನು ಹೀರಿ ತೋರಿಸಿದರು. ಮೊದಲನೆಯ ಕೋಶದಲ್ಲಿ ತೇಲುಗಡ್ಡಿ 1240 ತೋರಿತು, ಎರಡನೆಯದರಲ್ಲಿ 1230. ನನಗೆ ಆಸೆ ಚಿಗುರಿತು. ಮೂರನೆಯದರಲ್ಲಿ ಗಡ್ಡಿ 1110ರಲ್ಲಿಯೇ ಮುಳುಗಿ ಕುಳಿತಿತ್ತು. ಉದುರಿದ ಸೀಸದ ಕಸರು ತಳದಲ್ಲಿ ಸೇರಿ ಫಲಕಗಳನ್ನು ಒಂದಕ್ಕೊಂದು ತಾಗಿಸಿದೆ ಎಂದರು. ಎರಡು ಕೋಶಗಳಿಂದ ನಾಲ್ಕು ವೋಲ್ಟ್ ಬಂದೀತು, ಗಾಡಿ ಬಾರದು. “ಇನ್ನೊಂದು ಸಾರಿ ನೋಡಿ” ಎಂದೆ. ಅವರು ಬೇಸರಿಸದೆ ನೋಡಿದರು. ಅದೇ 1110.

ಹೊಸದರಲ್ಲಿ ಎರಡು ಬಗೆ ಇದ್ದವು. ಒಂದು ಪೂರ್ತಿ ಮುಚ್ಚಿದ್ದು. ನೀರು ಬೇಡ, ಆರೈಕೆ ಬೇಡ. ಇನ್ನೊಂದು ಹಿಂದಿನಂತೆಯೇ ಬಿರಡೆಗಳಿದ್ದದ್ದು. “ನೀವು ಬೆಂಗಳೂರಿನಲ್ಲಿ ಇರುವವರು, ಮುಚ್ಚಿದ್ದನ್ನೇ ಒಯ್ಯಿರಿ” ಎಂಬ ಅವರ ಸಲಹೆ ನ್ಯಾಯವಾಗಿಯೇ ಇತ್ತು. ನಾನು ಬಿರಡೆಗಳಿದ್ದದ್ದನ್ನು ಕೊಂಡೆ. ಹಳೆಯದನ್ನು ಅವರೇ ಇಟ್ಟುಕೊಂಡು, ಅದರ ಸೀಸದ ಬೆಲೆಯನ್ನು ಕಳೆದರು. ಆ ಸೀಸವನ್ನು ಕರಗಿಸಿ ಮತ್ತೆ ಫಲಕ ಮಾಡುತ್ತಾರೆಂದು ತಿಳಿದು ಸ್ವಲ್ಪ ಸಮಾಧಾನವಾಯಿತು.

ಕಾರ್ಬುರೇಟರ್ ತೊಳೆದು, ಪೆಟ್ರೋಲಿಗೆ ಎಣ್ಣೆ ಬೆರೆಸಿ, ಮೂರನೆಯ ಕಿಕ್ಕಿಗೆ ಗಾಡಿ ಮಾತನಾಡಿತು. ಜೋಡಿ ಸೈಲೆನ್ಸರಿನಿಂದ ನೀಲಿ ಹೊಗೆ ಎದ್ದಿತು. ಅಮ್ಮ ಅಡುಗೆಮನೆಯಿಂದ ಸೆರಗಿನಲ್ಲಿ ಕೈ ಒರೆಸುತ್ತ ಬಂದು, ಏನೂ ಹೇಳದೆ ಬಾಗಿಲಲ್ಲಿ ನಿಂತರು.

ಈಗ ನಾನು ಹದಿನೈದು ದಿನಕ್ಕೊಮ್ಮೆ ಶನಿವಾರ ರಾತ್ರಿಯೇ ಊರಿಗೆ ಬರುತ್ತೇನೆ. ಕಳೆದ ಭಾನುವಾರ ಬ್ಯಾಟರಿಯನ್ನು ಜಗಲಿಯ ಮೇಲಿಟ್ಟು, ಬಟ್ಟಿನೀರಿನ ಬಾಟಲನ್ನು ತರಲು ಒಳಗೆ ಹೋದೆ. ಹೊರಗೆ ಬರುವಷ್ಟರಲ್ಲಿ ತಂದೆಯವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಎರಡು ಬಿರಡೆಗಳನ್ನು ಬಿಚ್ಚಿ ಸಾಲಾಗಿ ಇಟ್ಟಿದ್ದರು. ಮೂರನೆಯದನ್ನು ತಿರುಗಿಸುವಾಗ ಕೈ ನಡುಗಿತು. ನಾನು ಹಿಡಿಯಹೋದೆ. ಬೇಡವೆಂದು ತಲೆಯಾಡಿಸಿ, ಬಾಟಲಿಗಾಗಿ ಕೈ ಚಾಚಿದರು.