ಅನಾಮತು ಖಾತೆ

ಅಂಚೆಟ್ಟಿಯ ಒಂದು ಚಿಕ್ಕ ದಿನಸಿ ಅಂಗಡಿಯ ಸಾಲದ ಪುಸ್ತಕವನ್ನು ಆ ಮನೆಯ ಮಗಳು ಎಂಟನೆಯ ತರಗತಿಯಿಂದಲೂ ಬರೆಯುತ್ತ ಬಂದಿದ್ದಳು. ಯಾರ ಬಾಕಿ ಎಷ್ಟು, ರಾಗಿಯ ಸುಗ್ಗಿ ಮುಗಿದ ಮೇಲೆ ಯಾರಿಂದ ಎಷ್ಟು ಜಮೆಯಾಯಿತು ಎಂಬುದೆಲ್ಲ ಅವಳ ಕನ್ನಡ ಬರಹದಲ್ಲಿ ದಾಖಲಾಗಿತ್ತು. ತಪ್ಪಾದರೆ ಗಿರಾಕಿಯ ಎದುರಿಗೇ ತಿದ್ದುತ್ತಿದ್ದಳು. ಕೈ ಎಂದೂ ನಡುಗಿದ್ದಿಲ್ಲ.

ಅದೇ ಕೈ ಬಿ.ಕಾಂ. ಮೊದಲ ಸೆಮಿಸ್ಟರಿನ ಲೆಕ್ಕಶಾಸ್ತ್ರದ ಪರೀಕ್ಷೆಯಲ್ಲಿ ನಡುಗಿತು. ಕಾಡಿನ ದಾರಿಯಲ್ಲಿ ದೆಂಕಣಿಕೋಟೆಯನ್ನು ದಾಟಿ ಹೊಸೂರಿಗೆ ಬಂದಿಳಿದಾಗಲೇ ಬಾಯಿ ಒಣಗಿತ್ತು. ತಾಳೆಪಟ್ಟಿಯ ಎರಡು ಬದಿಗಳ ನಡುವೆ 90 ರೂಪಾಯಿ ವ್ಯತ್ಯಾಸ ಉಳಿಯಿತು. ಮೂರು ಸಲ ಕೂಡಿದಳು. ನಾಲ್ಕನೆಯ ಸಲ ಇಡೀ ಪುಟಕ್ಕೆ ಅಡ್ಡಗೆರೆ ಎಳೆದಳು. ಮುಂದಿನ ಪ್ರಶ್ನೆಗಳಿಗೆ ಲೇಖನಿ ಏಳಲಿಲ್ಲ. ಫಲಿತಾಂಶ ಬಂದ ವಾರವೇ ಮನೆಯಲ್ಲಿ ಮದುವೆಯ ಮಾತು ಮೊದಲಾಯಿತು.

ಪರೀಕ್ಷಾಭಯದಲ್ಲಿ ಎರಡು ಎಳೆಗಳಿವೆಯೆಂದು ಲೀಬರ್ಟ್ ಮತ್ತು ಮಾರಿಸ್ ಎಂಬ ಮನೋವಿಜ್ಞಾನಿಗಳು 1967ರಲ್ಲಿ ವಿಂಗಡಿಸಿದರು: ಎದೆ ಬಡಿತ, ಬೆವರುಗಳಂಥ ದೇಹದ ತಳಮಳ ಒಂದು; 'ಸೋತರೆ ಗತಿಯೇನು' ಎಂಬ ಚಿಂತೆ ಇನ್ನೊಂದು. ಅಂಕಗಳನ್ನು ಹೆಚ್ಚು ಕುಗ್ಗಿಸುವುದು ಎರಡನೆಯದು. ಲೆಕ್ಕಕ್ಕೆ ಬೇಕಾದ ಗಮನವನ್ನು ಅದು ತನ್ನ ಕಡೆಗೆ ಸೆಳೆದುಕೊಳ್ಳುತ್ತದೆ. ಈ ಹುಡುಗಿಗೆ ಭಾಷೆಯ ಹೊರೆಯೂ ಇತ್ತು. ಅಂಗಡಿಯ 'ಜಮೆ' ಶಾಲೆಯ ತಮಿಳು ಪಠ್ಯದಲ್ಲಿ 'ವರವು' ಆಗಿ, ಕಾಲೇಜಿನಲ್ಲಿ 'ಕ್ರೆಡಿಟ್' ಆಗಿತ್ತು. ಬಲ್ಲ ವಿಷಯವೇ ಅಪರಿಚಿತ ವೇಷದಲ್ಲಿ ಎದುರು ನಿಂತಿತ್ತು.

ರಜೆಯಲ್ಲಿ ಅವಳು ಅದೇ ಪ್ರಶ್ನೆಪತ್ರಿಕೆಯನ್ನು ಅಂಗಡಿಯಲ್ಲಿ ಕುಳಿತು ಬಿಡಿಸಿದಳು. ಮತ್ತೆ ಅದೇ 90. ಈ ಸಲ ಗೆರೆ ಎಳೆಯದೆ ಹುಡುಕಿದಳು. 540 ಎಂಬುದನ್ನು 450 ಎಂದು ಬರೆದಿದ್ದಳು. ವ್ಯತ್ಯಾಸವು 9ರಿಂದ ನಿಶ್ಶೇಷವಾಗಿ ಭಾಗವಾದರೆ ಅಂಕಿಗಳು ಅದಲುಬದಲಾಗಿರಬಹುದು. ವ್ಯತ್ಯಾಸದ ಅರ್ಧದಷ್ಟು ಮೊತ್ತ ಪಟ್ಟಿಯಲ್ಲಿದ್ದರೆ ಅದು ತಪ್ಪು ಬದಿಗೆ ಸೇರಿರಬಹುದು. ಲೆಕ್ಕಿಗರ ಈ ಹಳೆಯ ಸೂತ್ರಗಳನ್ನು ಆಮೇಲೆ ಕಲಿತಳು. ತಾಳೆಯಾದ ಪಟ್ಟಿಯಲ್ಲೂ ತಪ್ಪು ಅಡಗಿರಬಹುದೆಂಬುದನ್ನೂ ತಿಳಿದಳು: ಒಂದು ವ್ಯವಹಾರವನ್ನೇ ಬರೆಯದೆ ಬಿಟ್ಟರೂ ಎರಡು ಬದಿಗಳು ಸಮವಾಗಿಯೇ ಇರುತ್ತವೆ. ಹಾಗಿರುವಾಗ ತಾಳೆಯಾಗದ ಒಂದು ಮೊತ್ತಕ್ಕಾಗಿ ಉಳಿದ ಸರಿಯಾದ ನಮೂದುಗಳನ್ನೆಲ್ಲ ಹೊಡೆದು ಹಾಕಿದ್ದು ಅವಳಿಗೆ ಆಗ ಅರ್ಥವಾಯಿತು.

ಎರಡನೆಯ ಸಲವೂ ಪಟ್ಟಿ ತಾಳೆಯಾಗಲಿಲ್ಲ. ಕೈ ಒದ್ದೆಯಾಯಿತು. ಐದು ನಿಮಿಷ ಹುಡುಕಿ, ಸಿಗದ ವ್ಯತ್ಯಾಸವನ್ನು 'ಅನಾಮತು ಖಾತೆ' ಎಂದು ಬರೆದು ಮುಂದಿನ ಪ್ರಶ್ನೆಗೆ ಹೋದಳು. ಕನ್ನಡವೂ ಮರಾಠಿಯೂ ಬಳಸುವ 'ಅನಾಮತು' ಎಂಬ ಮಾತಿನಲ್ಲಿ, ಮುಂದೆ ತೀರ್ಮಾನವಾಗುವವರೆಗೆ ಒಂದು ಕಡೆ ಜೋಪಾನವಾಗಿ ಇರಿಸಿದ್ದು ಎಂಬ ಭಾವವಿದೆ. ಬಗೆಹರಿಯದುದಕ್ಕೂ ಲೆಕ್ಕಶಾಸ್ತ್ರ ಒಂದು ಸ್ಥಳವನ್ನು ಕೊಟ್ಟಿದೆ. ತಪ್ಪು ಸಿಕ್ಕಾಗ ಆ ಖಾತೆ ಮುಚ್ಚುತ್ತದೆ.

ಅಂಕಗಳು ಹೆಚ್ಚೇನೂ ಬರಲಿಲ್ಲ, ತೇರ್ಗಡೆಯಾದಳು. ಮದುವೆಯ ಮಾತನ್ನು ಅವಳ ತಂದೆ ಸದ್ಯಕ್ಕೆ ಬದಿಗಿರಿಸಿದ್ದಾರೆ. ಸಂಜೆಯ ಬಸ್ಸಿನಿಂದ ಇಳಿದವಳು ಈಗಲೂ ಮೊದಲು ಬಿಚ್ಚುವುದು ಅಂಗಡಿಯ ಸಾಲದ ಪುಸ್ತಕವನ್ನೇ.