ಒಡಕು ಎಲ್ಲಿಂದ ಶುರುವಾಯಿತು, ಮೊದಲು ಅದನ್ನು ನೋಡು

ಕುದ್ರೋಳಿ, ಮಂಗಳೂರು
ಆಟಿ ತಿಂಗಳು

ಪ್ರೀತಿಯ ಮಗಳಿಗೆ,

ನಿನ್ನ ಅಮ್ಮ ಫೋನ್ ಮಾಡಿದ್ದಳು. ನೀನು ಹೊತ್ತಿಗೆ ಸರಿಯಾಗಿ ಉಣ್ಣುವುದಿಲ್ಲವಂತೆ, ಎಳೆತದ ಪರೀಕ್ಷೆಗೆ ಇಟ್ಟ ತುಂಡುಗಳೆಲ್ಲ ಪಟ್ ಪಟ್ ಎಂದು ಮುರಿಯುತ್ತಿವೆಯಂತೆ, ಪೆಡಸು ವಸ್ತುವಿಗೆ ಲೇಪ ಕೊಟ್ಟು ತನ್ಯತೆ ಹೆಚ್ಚಿಸುವ ಈ ಪಿಎಚ್‌ಡಿಯೇ ಬೇಡ ಎನ್ನುತ್ತಿದ್ದೀಯಂತೆ. ಊಟದ ಉಸಾಬರಿ ಅವಳಿಗಿರಲಿ, ತುಂಡುಗಳ ವಿಷಯ ನಾನು ಮಾತಾಡುತ್ತೇನೆ. ಸುರತ್ಕಲ್ಲಿನ ಕಾಲೇಜು ಇನ್ನೂ ಕೆಆರ್‌ಇಸಿ ಆಗಿದ್ದ ಕಾಲದಲ್ಲಿ ಲೋಹಶಾಸ್ತ್ರ ಓದಿದವಳು ನಾನು. ಮುರಿದ ಲೋಹದ ಮುಖ ನೋಡುವ ಚಟ ಇನ್ನೂ ಬಿಟ್ಟಿಲ್ಲ.

ಮೊದಲನೆಯದಾಗಿ, ಮುರಿಯುವುದರಲ್ಲಿ ನಿನ್ನ ಕೈಗುಣ ಏನೂ ಇಲ್ಲ. ಬರೀ 6061 ಅಲ್ಯೂಮಿನಿಯಂ ಮಿಶ್ರಲೋಹವನ್ನು ಹದ ಮಾಡಿ ಎಳೆದರೆ ಶೇ. 12ರ ಆಸುಪಾಸಿನಲ್ಲಿ ಹಿಗ್ಗಿ ಆಮೇಲೆ ಮುರಿಯುತ್ತದೆ. ಅದಕ್ಕೇ ನಿನ್ನ ತುಂಡುಗಳ ಹಾಗೆ ಐದರಲ್ಲೊಂದು ಪಾಲು ಸಿಲಿಕಾನ್ ಕಾರ್ಬೈಡ್ ಪುಡಿ ಸೇರಿಸಿದರೆ ಎರಡು, ಮೂರು, ಹೆಚ್ಚೆಂದರೆ ನಾಲ್ಕು. ಬಿಗುವು ಬಂತು, ಸವೆತ ಕಡಿಮೆಯಾಯಿತು, ಹಿಗ್ಗುವ ಗುಣ, ಅಂದರೆ ತನ್ಯತೆ, ಹೋಯಿತು. ಹಾಗಾಗಿ ಎಲ್ಲರ ತುಂಡೂ ಬೇಗ ಮುರಿಯುತ್ತದೆ. ನೀನು ಕೇಳಬೇಕಾದದ್ದು ಎಷ್ಟು ಬೇಗ ಮುರಿಯಿತು ಎಂದಲ್ಲ, ಒಡಕು ಎಲ್ಲಿಂದ ಹೊರಟಿತು ಎಂದು.

ನಮ್ಮ ಊರಿನವರಿಗೆ ಇದು ಹೊಸತಲ್ಲ. 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕೆಲಸ ಶುರು ಮಾಡಿದ ಬಾಸೆಲ್ ಮಿಷನ್ ಮುಂದೆ ಕುದ್ರೋಳಿಯಲ್ಲೂ ಕಾರ್ಖಾನೆ ಹಾಕಿತು. ಒಡೆದ ಹಂಚಿನ ಅಂಚನ್ನು ಬೆಳಕಿಗೆ ಹಿಡಿದು ನೋಡಿದರೆ ಅನೇಕ ಸಲ ಒಂದು ಕಲ್ಲಿನ ಹರಳೋ ಒಂದು ಗಾಳಿಗುಳ್ಳೆಯೋ ಸಿಗುತ್ತದೆ. ಬಿರುಕಿನ ತವರು ಅದು. ಇದನ್ನೇ ಇಂಗ್ಲೆಂಡಿನ ಗ್ರಿಫಿತ್ 1921ರಲ್ಲಿ ಗಾಜಿನ ಎಳೆಗಳನ್ನಿಟ್ಟುಕೊಂಡು ಲೆಕ್ಕ ಮಾಡಿ ತೋರಿಸಿದ. ಗಾಜಿಗೆ ಇರಬೇಕಾದ ಬಲಕ್ಕೂ ನಿಜವಾಗಿ ಇರುವ ಬಲಕ್ಕೂ ನಡುವಿನ ಅಂತರ, ಕಣ್ಣಿಗೆ ಕಾಣದ ಸೀಳುಗಳದು. ಮೂರು ವರ್ಷದ ಮೇಲೆ ರಷ್ಯಾದ ಯೋಫೆ ಕಲ್ಲುಪ್ಪಿನ ಹರಳನ್ನು ಬಿಸಿನೀರಿನಲ್ಲಿಟ್ಟು ಎಳೆದ. ಒಣಗಿದ್ದಾಗ ಚೂರಾಗುತ್ತಿದ್ದ ಅದೇ ಹರಳು ಬಾಗಿತು, ಹಿಗ್ಗಿತು. ಮೇಲ್ಮೈಯ ಸೀಳುಗಳನ್ನು ನೀರು ಕರಗಿಸಿಬಿಟ್ಟಿತು ಎಂಬುದು ಅವನ ವಿವರಣೆ. ಒಳಗಿನ ಉಪ್ಪು ಬದಲಾಗಿರಲಿಲ್ಲ, ಮೈ ಮಾತ್ರ ಬದಲಾಗಿತ್ತು. ನಿನ್ನ ಪ್ರಬಂಧದ ಬೀಜ ಅಲ್ಲೇ ಉಂಟು.

ಈಗ ನಿನ್ನ ವಸ್ತುವಿಗೆ ಬರೋಣ. ಅದಕ್ಕೆ ಒಂದು ಮೈ ಅಲ್ಲ, ಲಕ್ಷಾಂತರ ಮೈ. ಹೊರಗಿನದು ಒಂದು, ಒಳಗೆ ಒಂದೊಂದು ಕಣದ ಸುತ್ತಲೂ ಒಂದೊಂದು. ಲೇಪ ಎರಡೂ ಕಡೆ ಕೊಡಬಹುದು, ಆದರೆ ಎರಡರ ಕೆಲಸ ಬೇರೆ.

ಒಳಗಿನ ಲೇಪದ ಕತೆಯಲ್ಲಿ ನೀನಿರುವ ಬೆಂಗಳೂರಿಗೂ ಪಾಲಿದೆ. ಕರಗಿದ ಅಲ್ಯೂಮಿನಿಯಂಗೆ ಗ್ರಾಫೈಟ್ ಪುಡಿ ಹಾಕಿದರೆ ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ, ಒಂದಕ್ಕೊಂದು ಅಂಟುವುದೇ ಇಲ್ಲ. ಪುಡಿ ಮೇಲೆ ತೇಲಿ ಬರುತ್ತದೆ. ಪ್ರದೀಪ್ ರೋಹಟ್ಗಿ ಅಮೆರಿಕದಲ್ಲಿ ಇಂಟರ್‌ನ್ಯಾಷನಲ್ ನಿಕಲ್ ಕಂಪನಿಯಲ್ಲಿದ್ದಾಗ ಬಾಡಿಯಾ ಎಂಬ ಸಹೋದ್ಯೋಗಿಯ ಜೊತೆ ಆ ಪುಡಿಗೆ ನಿಕಲ್ ಲೇಪ ಕೊಟ್ಟು ಎರಕದೊಳಗೆ ಊದಿದರು. ಲೋಹಕ್ಕೆ ಲೋಹ ಒಗ್ಗಿತು, ಗ್ರಾಫೈಟ್ ಒಳಗೇ ನಿಂತಿತು. 1969ರಲ್ಲಿ ಅದು ಪ್ರಕಟವಾಯಿತು. 70ರ ದಶಕದಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಇಲ್ಲಿ ಆ ಕೆಲಸ ಬೆಳೆಸಿದರು. ಮುಂದೆ ಅವರ ಗುಂಪು ಅಭ್ರಕದ ಪುಡಿಗೂ ತಾಮ್ರ ಹಚ್ಚಿ ಎರಕ ಹೊಯ್ದಿತು. ಹಳೆಯ ಕೆಲಸ ಎಂದು ತಳ್ಳಬೇಡ, ಓದು.

ಸಿಲಿಕಾನ್ ಕಾರ್ಬೈಡಿನದ್ದು ಇನ್ನೊಂದು ರಗಳೆ. ಎರಕ ಹೆಚ್ಚು ಬಿಸಿಯಾದರೆ ಅಲ್ಯೂಮಿನಿಯಂ ಅದನ್ನು ತಿಂದು ಅಲ್ಯೂಮಿನಿಯಂ ಕಾರ್ಬೈಡ್ ಮಾಡುತ್ತದೆ. ಅದು ಪೆಡಸು. ಅಷ್ಟೇ ಅಲ್ಲ, ನೀರಿನ ಪಸೆ ತಾಗಿದರೆ ಮೀಥೇನ್ ಬಿಟ್ಟು ಕೊಳೆಯುತ್ತದೆ. ನಮ್ಮ ಕರಾವಳಿಯ ಹವೆಗೆ ಹೇಳಿ ಮಾಡಿಸಿದ ಶತ್ರು! ಅದನ್ನು ತಡೆಯಲು ದಾರಿಗಳು ಕೆಲವು ಉಂಟು. ಪುಡಿಯನ್ನು ಸಾವಿರ ಡಿಗ್ರಿಯ ಮೇಲೆ ಗಾಳಿಯಲ್ಲಿ ಕಾಯಿಸಿ ತೆಳುವಾದ ಸಿಲಿಕಾ ಪದರ ಎಬ್ಬಿಸಬಹುದು. ಆದರೆ ಆ ಪದರ ಮಿಶ್ರಲೋಹದ ಮೆಗ್ನೀಸಿಯಂ ಅನ್ನು ಕಬಳಿಸಿ ಸ್ಪಿನೆಲ್ ಎಂಬ ಆಕ್ಸೈಡ್ ಆಗುತ್ತದೆ. 6061 ಹದಕ್ಕೆ ಬರಬೇಕಾದರೆ ಆ ಮೆಗ್ನೀಸಿಯಂ ಬೇಕು. ಕರೆಂಟ್ ಇಲ್ಲದ ಪ್ಲೇಟಿಂಗಿನಲ್ಲಿ ನಿಕಲ್ ಹಚ್ಚಬಹುದು. ಆದರೆ ದಪ್ಪವಾದರೆ ನಿಕಲ್ಲೂ ಅಲ್ಯೂಮಿನಿಯಮ್ಮೂ ಸೇರಿ ಮತ್ತೊಂದು ಪೆಡಸು ಸಂಯುಕ್ತ ಹುಟ್ಟುತ್ತದೆ. ತಾಮ್ರ ಹಚ್ಚಿದರೆ ಅದು ಸುತ್ತಲಿನ ಲೋಹದಲ್ಲಿ ಕರಗಿ ಅದನ್ನು ಗಟ್ಟಿ ಮಾಡುತ್ತದೆ, ತನ್ಯತೆಯಲ್ಲಿ ಅಷ್ಟು ಮುರಿದುಕೊಳ್ಳುತ್ತದೆ. ಒಟ್ಟಿನಲ್ಲಿ ಲೇಪ ಔಷಧಿಯೂ ಹೌದು, ಹೊಸ ರೋಗವೂ ಹೌದು, ವ್ಯತ್ಯಾಸ ದಪ್ಪದಲ್ಲಿ. ಯಾವುದನ್ನು ಹಚ್ಚಿದೆ ಎನ್ನುವುದಕ್ಕಿಂತ ಎಷ್ಟು ದಪ್ಪ ಹಚ್ಚಿದೆ, ಎರಕ ಮುಗಿದ ಮೇಲೆ ಅದರಲ್ಲಿ ಎಷ್ಟು ಉಳಿದಿದೆ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆ.

ಹೊರಗಿನ ಲೇಪದ ಗುಟ್ಟು ತಿಳಿಯಬೇಕಾದರೆ ಲೋಹದ ಗಾಜನ್ನು ನೋಡಬೇಕು. 1960ರಲ್ಲಿ ಕ್ಯಾಲ್‌ಟೆಕ್‌ನಲ್ಲಿ ಪೋಲ್ ಡುವೆ ಮತ್ತು ಸಂಗಡಿಗರು ಚಿನ್ನ–ಸಿಲಿಕಾನ್ ಕರಗಿಸಿ, ಹರಳುಗಟ್ಟಲು ಪುರುಸೊತ್ತು ಕೊಡದೆ ತಟಕ್ಕನೆ ತಣಿಸಿದರು. ಪರಮಾಣುಗಳಿಗೆ ಸಾಲು ಇಲ್ಲದ ಲೋಹ ಬಂತು. ಬಲ ವಿಪರೀತ, ಆದರೆ ಮಣಿಯುವುದೆಲ್ಲ ಹತ್ತಿಪ್ಪತ್ತು ನ್ಯಾನೋಮೀಟರ್ ದಪ್ಪದ ಒಂದು ಜಾರುಪಟ್ಟಿಯಲ್ಲಿ. ಆ ಪಟ್ಟಿ ಈ ಕಡೆಯಿಂದ ಆ ಕಡೆಗೆ ಓಡಿತೋ, ತುಂಡು ಎರಡಾಯಿತು. ಇದಕ್ಕೆ ತಾಮ್ರವೋ ನಿಕಲ್ಲೋ ಪ್ಲೇಟಿಂಗ್ ಮಾಡಿ ಒತ್ತಿದವರು, ಅದು ಮುರಿಯುವ ಮುನ್ನ ಹೆಚ್ಚು ಮಣಿಯುವುದನ್ನು ಕಂಡಿದ್ದಾರೆ. ಮೈವರೆಗೆ ಬಂದ ಪಟ್ಟಿಗೆ ಮೆತ್ತಗಿನ, ಹರಿಯದ ತೊಗಲು ಅಡ್ಡ ನಿಲ್ಲುತ್ತದೆ. ಹೊರಗೆ ಜಾರಲು ಆಗದೆ ಅದು ನಿಧಾನಿಸುತ್ತದೆ, ಅಷ್ಟರಲ್ಲಿ ಪಕ್ಕದಲ್ಲಿ ಬೇರೆ ಪಟ್ಟಿಗಳು ಹುಟ್ಟುತ್ತವೆ. ಒಂದೇ ಕಡೆ ಬೀಳಬೇಕಾದ ಭಾರ ಹಲವು ಕಡೆ ಹಂಚಿಹೋಗುತ್ತದೆ. 2006ರಲ್ಲಿ ಕೇಂಬ್ರಿಜ್‌ನ ಗ್ರೀರ್ ಮತ್ತು ಜೊತೆಗಾರರು ಲೇಪವೇ ಇಲ್ಲದೆ, ಸಣ್ಣ ಗುಂಡುಗಳಿಂದ ಮೇಲ್ಮೈಯನ್ನು ಬಡಿದೇ ಇಂಥ ಫಲ ಪಡೆದರು. ಲೋಹದ ಗಾಜು ಯಾಕೆ ಒಡೆಯುತ್ತದೆ ಎಂಬ ಬಗ್ಗೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉಪದ್ರಷ್ಟ ರಾಮಮೂರ್ತಿ ಅವರು ಬಹುಕಾಲ ಕೆಲಸ ಮಾಡಿದವರು. ಅವರ ಲೇಖನಗಳನ್ನು ಬಿಡಬೇಡ.

ಇಷ್ಟು ಓದಿ ಕುಣಿಯಬೇಡ ಮಾರಾಯ್ತಿ. ಈ ಯಶಸ್ಸಿನ ಅಂಕಿಗಳಲ್ಲಿ ಹೆಚ್ಚಿನವು ಒತ್ತಿ ಪಡೆದವು, ಎಳೆದು ಪಡೆದವಲ್ಲ. ಒತ್ತುವಾಗ ಬಿರುಕು ಬಾಯಿ ತೆರೆಯುವುದಿಲ್ಲ, ಹೊರಗಿನ ಲೇಪ ಬಳೆಯಂತೆ ಬಿಗಿದು ಹಿಡಿಯುತ್ತದೆ. ತುಂಡು ಗಿಡ್ಡವಾಗಿದ್ದರೆ ಎರಡು ತುದಿಯ ಘರ್ಷಣೆಯೇ ಅರ್ಧ ಸಹಾಯ ಮಾಡುತ್ತದೆ. ಎಳೆಯುವಾಗ ಈ ಉಪಕಾರ ಯಾವುದೂ ಇಲ್ಲ. ಯಂತ್ರದ ಭಾಗ ಕೆಲಸದಲ್ಲಿ ಎಳೆತ, ಬಾಗು, ಪೆಟ್ಟು ಎಲ್ಲವನ್ನೂ ತಿನ್ನಬೇಕು. ಒತ್ತಿದ ಅಂಕಿಯನ್ನು ತೋರಿಸಿ ತನ್ಯತೆ ಹೆಚ್ಚಿತು ಎನ್ನುವುದು ನನಗೆ ಒಪ್ಪಿಗೆಯಿಲ್ಲ.

ಅದಕ್ಕೇ ನಿನ್ನ ತುಂಡುಗಳನ್ನು ನಾಲ್ಕು ಗುಂಪು ಮಾಡು. ಒಂದು, ಕಡೆದ ಹಾಗೇ ಇರುವುದು. ಎರಡು, ಚೆನ್ನಾಗಿ ಪಾಲಿಶ್ ಮಾತ್ರ ಮಾಡಿದ್ದು. ಮೂರು, ಪಾಲಿಶ್ ಮಾಡಿ ತಾಮ್ರದ ಲೇಪ ಕೊಟ್ಟದ್ದು. ನಾಲ್ಕು, ಲೇಪ ಕೊಟ್ಟು ಮತ್ತೆ ತೆಗೆದದ್ದು. ಎರಡನೆಯದೇ ಮೂರನೆಯದರಷ್ಟು ಹಿಗ್ಗಿದರೆ ಶ್ರೇಯಸ್ಸು ಪಾಲಿಶಿನದು, ಲೇಪದ್ದಲ್ಲ. ಯೋಫೆಯ ಉಪ್ಪು ಹೇಳಿದ್ದೂ ಅದನ್ನೇ. ನಾಲ್ಕನೆಯದು ಒಂದನೆಯದಕ್ಕಿಂತ ಕೆಟ್ಟರೆ ಪ್ಲೇಟಿಂಗ್ ತೊಟ್ಟಿಯಲ್ಲಿ ಏನೋ ಹಾಳಾಗಿದೆ. ತಾಮ್ರದ ಪದರ ಹೊತ್ತ ಭಾರವನ್ನು ಲೆಕ್ಕದಿಂದ ಕಳೆಯುವುದಕ್ಕೂ ಮರೆಯಬೇಡ.

ತೊಟ್ಟಿ ಎಂದಾಗ ಅಲ್ಲಿ ಹುಟ್ಟುವ ಹೈಡ್ರೋಜನ್ ನೆನಪಿಡು. ಗಟ್ಟಿ ಉಕ್ಕಿನ ಬೋಲ್ಟಿಗೆ ಸತು ಹಚ್ಚುವವರು ಅದನ್ನು ಕೂಡಲೇ 200 ಡಿಗ್ರಿಯ ಹತ್ತಿರ ಗಂಟೆಗಟ್ಟಲೆ ಬೇಯಿಸುತ್ತಾರೆ. ಇಲ್ಲದಿದ್ದರೆ ಒಳಸೇರಿದ ಹೈಡ್ರೋಜನ್, ಬಿಗಿದ ಬೋಲ್ಟನ್ನು ರಾತ್ರೋರಾತ್ರಿ ಕತ್ತರಿಸಬಹುದು. ಜಿರ್ಕೋನಿಯಂ ಇರುವ ಲೋಹದ ಗಾಜಂತೂ ಹೈಡ್ರೋಜನ್ ಹೀರುವುದರಲ್ಲಿ ನಿಸ್ಸೀಮ. ಹೈಡ್ರೋಜನ್ ಬಿಡಿಸಲೆಂದು ಆ ಗಾಜನ್ನು ಅತಿಯಾಗಿ ಕಾಯಿಸಿದರೆ ಇನ್ನಷ್ಟು ಪೆಡಸಾಗುತ್ತದೆ. ರಕ್ಷಿಸಲು ಹೊರಟ ಲೇಪವೇ ಮುರಿಯುವುದಕ್ಕೆ ಕಾರಣವಾಗಬಾರದು.

ಇನ್ನೊಂದು ಮಾತು ಕುದ್ರೋಳಿಯವಳಾಗಿ ಹೇಳುತ್ತೇನೆ. ಬೆಂಗಳೂರಿನ ಒಣ ಹವೆಯಲ್ಲಿ ಚಂದ ಇರುವ ತಾಮ್ರದ ಲೇಪ ಇಲ್ಲಿ ಬಾಳುತ್ತದೆಯೇ? ಫಲ್ಗುಣಿ ಕಡೆಯಿಂದ ಬರುವ ಉಪ್ಪು ಗಾಳಿಗೆ ನಮ್ಮ ಕಿಟಕಿಯ ಸರಳುಗಳೇ ಉಳಿಯುವುದಿಲ್ಲ. ಅಲ್ಯೂಮಿನಿಯಂ ಮೇಲಿನ ತಾಮ್ರದಲ್ಲಿ ಸೂಜಿಮೊನೆಯಷ್ಟು ತೂತು ಇದ್ದರೆ ಸಾಕು, ಉಪ್ಪುನೀರು ಎರಡನ್ನೂ ಬ್ಯಾಟರಿ ಮಾಡಿ ಅಲ್ಯೂಮಿನಿಯಂ ಅನ್ನೇ ಕೊರೆಯುತ್ತದೆ. ಆ ಗುಳಿಯೇ ಮುಂದಿನ ಬಿರುಕಿನ ತವರು. ಕೆಲವು ತುಂಡು ಕಳಿಸು, ಮಳೆಗಾಲ ಮುಗಿಯುವವರೆಗೆ ತಾರಸಿಯಲ್ಲಿಡುತ್ತೇನೆ. ಆಮೇಲೆ ಎಳೆದು ನೋಡು.

ನನ್ನ ತೀರ್ಮಾನ ಇಷ್ಟೆ. ಲೇಪ ಪೆಡಸು ವಸ್ತುವಿನ ಜಾತಿ ಬದಲಿಸುವುದಿಲ್ಲ. ಬಿರುಕು ಹುಟ್ಟುವುದನ್ನು ತಡಮಾಡುತ್ತದೆ, ಹುಟ್ಟಿದ್ದನ್ನು ಒಂಟಿಯಾಗಿ ಓಡಲು ಬಿಡುವುದಿಲ್ಲ. ಶೇ. 2 ಇದ್ದ ಹಿಗ್ಗುವಿಕೆ ಶೇ. 4 ಆದರೆ ಎಂಜಿನಿಯರಿಗೆ ಅದು ಸಣ್ಣ ಲಾಭವಲ್ಲ. ಅದನ್ನು ಶೇ. 12 ಎಂದು ಮೆರೆಸದೆ, ಬಂದದ್ದನ್ನು ಬಂದ ಹಾಗೆ ಬರೆದರೆ ನಿನ್ನ ಪ್ರಬಂಧಕ್ಕೆ ಬೆಲೆ.

ನವರಾತ್ರಿಗೆ ಬಾ. ಗೋಕರ್ಣನಾಥನ ದಸರೆ, ಹುಲಿವೇಷದ ತಾಸೆ, ನಿನ್ನ ಪಾಲಿನ ಕೋರಿ ರೊಟ್ಟಿ ಎಲ್ಲ ಇಲ್ಲಿ ಕಾದಿವೆ. ಅದಕ್ಕೆ ಮೊದಲು ಹೊತ್ತಿಗೆ ಸರಿಯಾಗಿ ಉಣ್ಣು, ನಾಲ್ಕು ಗುಂಪಿನ ಪರೀಕ್ಷೆ ಮುಗಿಸು, ಫಲಿತಾಂಶ ನನಗೆ ಬರೆ. ಒತ್ತಿದ ಅಂಕಿ ಬೇಡ, ಎಳೆದದ್ದನ್ನೇ ಕಳಿಸು.

ಇಂತಿ,
ನಿನ್ನ ದೊಡ್ಡಮ್ಮ